ಬಣ್ಣದ ಸ್ಲೈಡಿಗೆ ಯಾವ ಫಿಲ್ಮು?

ಛಾಯಾಗ್ರಹಣದಲ್ಲಿ ಆಸಕ್ತಿಯುಳ್ಳ ಗೃಹಸ್ಥರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: “ಹಿರಿಯರು ಬಳಸುತ್ತಿದ್ದ ರೇಂಜ್‌ಫೈಂಡರ್ ಕ್ಯಾಮರಾ ಮನೆಯಲ್ಲಿದೆ. ಅದರಲ್ಲಿ ಬಣ್ಣದ ಸ್ಲೈಡು ತೆಗೆಯಬೇಕೆಂದಿದ್ದೇವೆ. ಯಾವ ಫಿಲ್ಮು ಒಳ್ಳೆಯದು?” ಪ್ರಶ್ನೆ ಚಿಕ್ಕದಾದರೂ ಉತ್ತರವು ಒಂದೇ ಮಾತಿನಲ್ಲಿ ಮುಗಿಯತಕ್ಕದ್ದಲ್ಲ. ಒಂದು ಸುರುಳಿಯಲ್ಲಿ ದೊರೆಯುವುದು ೩೬ ಚಿತ್ರಗಳು ಮಾತ್ರ, ಬೆಲೆಯೂ ಅಧಿಕ. ಮೇಲಾಗಿ, ನೆಗೆಟಿವ್ ಫಿಲ್ಮಿನಲ್ಲಿ ಆದ ಸಣ್ಣಪುಟ್ಟ ತಪ್ಪುಗಳನ್ನು ಮುದ್ರಿಸುವಾಗ ತಿದ್ದಿಕೊಳ್ಳಬಹುದು. ಸ್ಲೈಡಿನಲ್ಲಿ ಹಾಗಲ್ಲ, ಕ್ಯಾಮರಾದೊಳಗೆ ಬೆಳಕು ಸೋಕಿದ ಫಿಲ್ಮಿನ ತುಂಡೇ ತೊಳೆದ ಮೇಲೆ ಚಿತ್ರವಾಗಿ ಕೈಗೆ ಬರುತ್ತದೆ. ಅದು ಮಗುವಿನ ಮೊದಲ ಹೆಜ್ಜೆಯಾಗಲಿ, ಅಜ್ಜಿಯ ಕೊನೆಯ ಹಬ್ಬವಾಗಲಿ, ಕೆಟ್ಟರೆ ಕೆಟ್ಟಂತೆಯೇ.

ಫಿಲ್ಮನ್ನು ಆರಿಸುವುದಕ್ಕೆ ಮುಂಚೆ ಕ್ಯಾಮರಾದ ಗುಣವನ್ನು ಅರಿಯುವುದು ಅವಶ್ಯ. ಜರ್ಮನಿಯ ವೆಟ್ಸ್‌ಲಾರ್ ನಗರದ ಲೈಟ್ಸ್ ಕಾರ್ಖಾನೆಯಲ್ಲಿ ಓಸ್ಕರ್ ಬಾರ್ನಾಕ್ ಎಂಬಾತನು ರೂಪಿಸಿದ ಲೈಕಾ ಕ್ಯಾಮರಾ ೧೯೨೫ರಲ್ಲಿ ಮಾರುಕಟ್ಟೆಗೆ ಬಂದಿತು. ೧೯೩೨ರಲ್ಲಿ ಅದಕ್ಕೆ ಲೆನ್ಸಿನೊಡನೆ ಕೂಡಿಕೊಂಡು ಕೆಲಸಮಾಡುವ ದೂರಮಾಪಕವನ್ನು ಜೋಡಿಸಿದರು. ಕಿಂಡಿಯಲ್ಲಿ ನೋಡಿದರೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸನ್ನು ತಿರುಗಿಸಿ ಎರಡನ್ನೂ ಒಂದಾಗಿಸಿದರೆ ದೂರವು ಸರಿಹೊಂದಿತೆಂದು ಅರ್ಥ. ಇದೇ ರೇಂಜ್‌ಫೈಂಡರಿನ ತತ್ತ್ವ. ಒಳಗೆ ಮೇಲಕ್ಕೆದ್ದು ಬೀಳುವ ಕನ್ನಡಿಯಿಲ್ಲವಾದ್ದರಿಂದ ಕ್ಯಾಮರಾ ಅದುರುವುದು ಕಡಿಮೆ. ಕೈ ಸ್ಥಿರವಾಗಿದ್ದರೆ ೧/೩೦ ಸೆಕೆಂಡಿನಲ್ಲಿಯೂ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಬೆಳಕನ್ನು ನಿಧಾನವಾಗಿ ಹೀರುವ ಸ್ಲೈಡು ಫಿಲ್ಮಿಗೆ ಇದು ಅನುಕೂಲವೇ ಸರಿ. ಆದರೆ ನಮ್ಮ ಕಣ್ಣು ನೋಡುವುದು ಪಕ್ಕದ ಕಿಂಡಿಯಿಂದಲೇ ಹೊರತು ಲೆನ್ಸಿನ ಮೂಲಕವಲ್ಲ. ಆಕಾಶದ ಪ್ರಖರತೆಯನ್ನು ತಗ್ಗಿಸುವ ಗಾಜುಗಳನ್ನು ಲೆನ್ಸಿನ ಮುಂದಿಟ್ಟರೆ ಅವುಗಳ ಪರಿಣಾಮವು ನಮಗೆ ತೋರದು. ಆದಕಾರಣ ಇಂಥ ಕ್ಯಾಮರಾಕ್ಕೆ ಬೇಕಾದುದು, ಬಿಸಿಲು ನೆರಳುಗಳನ್ನು ತಾನೇ ಸಮಾಧಾನದಿಂದ ತಾಳಿಕೊಳ್ಳುವ ಫಿಲ್ಮು.

ಇಲ್ಲಿ ಕೊಡಾಕ್ರೋಮಿನ ಕಥೆಯನ್ನು ಹೇಳದೆ ಮುಂದುವರಿಯುವಂತಿಲ್ಲ. ಅದನ್ನು ಕಂಡುಹಿಡಿದವರು ಇಬ್ಬರು ಸಂಗೀತಗಾರರು: ಪಿಯಾನೋ ವಾದಕ ಲಿಯೋಪೋಲ್ಡ್ ಮ್ಯಾನಸ್, ಪಿಟೀಲು ವಾದಕ ಲಿಯೋಪೋಲ್ಡ್ ಗೊಡೊವ್‌ಸ್ಕಿ. ೧೯೩೫ರಲ್ಲಿ ಚಲಚ್ಚಿತ್ರಕ್ಕೂ ೧೯೩೬ರಲ್ಲಿ ಸ್ಲೈಡಿಗೂ ಅದು ಬಳಕೆಗೆ ಬಂದಿತು. ಅರ್ನ್ಸ್ಟ್ ಹಾಸ್ ಎಂಬ ಛಾಯಾಗ್ರಾಹಕನು ಲೈಕಾದಲ್ಲಿ ಇದೇ ಫಿಲ್ಮನ್ನು ಹಾಕಿ ತೆಗೆದ ನ್ಯೂಯಾರ್ಕ್ ನಗರದ ಚಿತ್ರಗಳು ೧೯೫೩ರಲ್ಲಿ ಲೈಫ್ ಪತ್ರಿಕೆಯಲ್ಲಿ ಪ್ರಕಟವಾಗಿ ಪ್ರಖ್ಯಾತವಾದುವು. ಕತ್ತಲೆಯಲ್ಲಿಟ್ಟರೆ ದಶಕಗಳವರೆಗೂ ಮಾಸದ ಬಣ್ಣ ಅದರದು. ಆದರೆ ಬಣ್ಣ ಕೊಡುವ ದ್ರವ್ಯಗಳು ಫಿಲ್ಮಿನಲ್ಲಿರಲಿಲ್ಲ. ತೊಳೆಯುವಾಗ ಒಂದೊಂದಾಗಿ ಸೇರಿಸಬೇಕಾಗಿದ್ದಿತು. ಇದು ಮನೆಯಲ್ಲಿ ಮಾಡತಕ್ಕ ಕೆಲಸವಲ್ಲ. ೨೦೦೯ರಲ್ಲಿ ತಯಾರಿಕೆ ನಿಂತಿತು. ೨೦೧೦ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಕಾನ್ಸಾಸ್ ಪ್ರಾಂತದ ಒಂದು ಅಂಗಡಿಯವರು ತೊಳೆಯಲು ಸುರುಳಿಗಳನ್ನು ಸ್ವೀಕರಿಸುವುದೂ ನಿಂತಿತು. ಅಲ್ಲಿಂದಾಚೆಗೆ ಎಷ್ಟೋ ಮನೆಗಳ ಕಪಾಟುಗಳಲ್ಲಿ ತೊಳೆಸದೆ ಉಳಿದ ಸುರುಳಿಗಳಿಂದ ಕಪ್ಪುಬಿಳುಪನ್ನು ಹೇಗೋ ಪಡೆಯಬಹುದಾದರೂ ಅವುಗಳ ಬಣ್ಣ ಮಾತ್ರ ಹೋದ ಹಾಗೆಯೇ. ತೆಗೆದ ಚಿತ್ರವನ್ನು ತಡಮಾಡದೆ ತೊಳೆಸತಕ್ಕದ್ದೆಂಬುದು ಇದರಿಂದ ಕಲಿಯಬೇಕಾದ ಪಾಠ.

ಇಂದು ಆರಿಸಿಕೊಳ್ಳಬಹುದಾದ ಸ್ಲೈಡು ಫಿಲ್ಮುಗಳಲ್ಲಿ ಮೂರು ಮುಖ್ಯವಾದುವು. ಮೂರೂ ಹಗಲಿನ ಬೆಳಕಿಗೆ ಹೊಂದಿಸಿದಂಥವು. ದೀಪದ ಬೆಳಕಿನಲ್ಲಿ ಹಳದಿಗೆಂಪು ಛಾಯೆ ಬರುವುದು ಸಹಜ. ಮೊದಲನೆಯದು ೧೯೯೦ರಲ್ಲಿ ಬಂದ ಜಪಾನಿನ ಫ್ಯೂಜಿ ಕಂಪನಿಯ ವೆಲ್ವಿಯಾ ೫೦. ಹಸಿರು, ಕೆಂಪುಗಳು ಇದರಲ್ಲಿ ಇದ್ದುದಕ್ಕಿಂತ ಗಾಢವಾಗಿ ಮೂಡುತ್ತವೆ. ಎರಡನೆಯದು ಅದೇ ಕಂಪನಿಯ ಪ್ರೊವಿಯಾ ೧೦೦ಎಫ್. ಬಣ್ಣ ಮಿತವಾದುದು, ಮುಸ್ಸಂಜೆಯಲ್ಲಿ ೧೨೮ ಸೆಕೆಂಡುಗಳವರೆಗೆ ಷಟರು ತೆರೆದಿಟ್ಟರೂ ಲೆಕ್ಕವನ್ನು ಬದಲಾಯಿಸಬೇಕಾದುದಿಲ್ಲ. ಮೂರನೆಯದು ಕೊಡಾಕ್ ಕಂಪನಿಯ ಎಕ್ಟಾಕ್ರೋಮ್ ಇ-೧೦೦. ಕೆಲವು ವರ್ಷ ನಿಂತುಹೋಗಿದ್ದ ಈ ಹೆಸರಿನ ಫಿಲ್ಮು ೨೦೧೮ರಲ್ಲಿ ಮರಳಿ ಬಂದಿತು. ಇದು ಬಣ್ಣವನ್ನು ಉಬ್ಬಿಸಿ ತೋರದೆ ಇದ್ದುದನ್ನು ಇದ್ದಂತೆ ಹೇಳುವ ಸ್ವಭಾವದ್ದು.

ನಾವೂ ಮೊದಲು ವೆಲ್ವಿಯಾಕ್ಕೇ ಮನಸೋತಿದ್ದೆವು. ಮಲೆನಾಡಿನಲ್ಲಿ ಮಳೆ ಬಿಟ್ಟ ಮರುದಿನ ತೆಗೆದ ಚಿತ್ರಗಳನ್ನು ಗೋಡೆಯ ಮೇಲೆ ಬಿಟ್ಟಾಗ ಮನೆಮಂದಿಯೆಲ್ಲ ಬೆರಗಾದರು. ಅದೇ ಉತ್ಸಾಹದಲ್ಲಿ ಬಂಧುಗಳ ಗೃಹಪ್ರವೇಶಕ್ಕೂ ಅದನ್ನೇ ಒಯ್ದೆವು. ಫಲವೇನಾಯಿತು? ಬಿಸಿಲಿನಲ್ಲಿ ನಿಂತ ಹಿರಿಯರ ಬಿಳಿಯ ಪಂಚೆಯ ನೆರಿಗೆಗಳೆಲ್ಲ ಮಾಯವಾಗಿ ಬರಿಯ ಬಿಳುಪು ಉಳಿದಿದ್ದಿತು. ಚಪ್ಪರದ ನೆರಳಿನಲ್ಲಿದ್ದವರ ಮುಖ ಕಪ್ಪಿಟ್ಟಿತ್ತು. ಉಳಿದವರ ಕೆನ್ನೆಗಳು ಬಣ್ಣ ಬಳಿದಂತೆ ಕೆಂಪಾಗಿದ್ದುವು. ಹಿರಿಯಾಕೆಯೊಬ್ಬರು ನೋಡಿ, “ಇದು ನಾವೇನಪ್ಪಾ? ನಾಟಕದವರ ಹಾಗೆ ಕಾಣುತ್ತೇವಲ್ಲ!” ಎಂದು ನಕ್ಕರು. ತಪ್ಪು ಫಿಲ್ಮಿನದಲ್ಲ, ಆರಿಸಿದ ನಮ್ಮದು. ಆ ವರ್ಷವೇ ತೀರಿಕೊಂಡ ಆಕೆಯ ಬಣ್ಣದ ಚಿತ್ರವೆಂದು ಮನೆಯವರಲ್ಲಿ ಉಳಿದಿರುವುದು ಅದೊಂದೇ. ಅಂದಿನಿಂದ ಮನುಷ್ಯರ ಚಿತ್ರಕ್ಕೆ ನಾವು ಎಕ್ಟಾಕ್ರೋಮನ್ನೇ ನೆಚ್ಚಿದ್ದೇವೆ. ಅದು ದೊರೆಯದಾಗ ಪ್ರೊವಿಯಾ. ಗದ್ದೆ, ತೋಟ, ಬೆಟ್ಟಗಳಿಗಾಗಿ ವರ್ಷಕ್ಕೊಂದು ಸುರುಳಿ ವೆಲ್ವಿಯಾ ಸಾಕು.

ಇನ್ನು ಬಳಸುವ ಕ್ರಮ. ಹಳೆಯ ಕ್ಯಾಮರಾದ ಷಟರು ಕಾಲಕ್ರಮದಲ್ಲಿ ನಿಧಾನವಾಗಿರುವುದುಂಟು. ಸ್ಲೈಡು ಹಾಕುವ ಮೊದಲು ಅದನ್ನು ಬಲ್ಲವರಲ್ಲಿ ಪರೀಕ್ಷಿಸಿಕೊಳ್ಳಬೇಕು. ೧೦೦ರ ವೇಗದ ಫಿಲ್ಮಿಗೆ ನಿಚ್ಚಳ ಬಿಸಿಲಿನಲ್ಲಿ ೧೬ರ ಕಿಂಡಿಯೂ ೧/೧೨೫ ಸೆಕೆಂಡೂ ಸರಿಯಾದ ಲೆಕ್ಕ. ಸಂದೇಹ ಬಂದರೆ ಬೆಳಕು ಬಿದ್ದ ಭಾಗವನ್ನು ಉಳಿಸಿಕೊಳ್ಳಿ; ನೆರಳು ಕಪ್ಪಾದರೆ ಕಣ್ಣು ಸಹಿಸೀತು, ಬಿಳುಪಾಗಿ ಅಳಿಸಿಹೋದ ಮುಖವನ್ನು ಸಹಿಸದು. ಮುಖಗಳಿಗೆ ನಡುಮಧ್ಯಾಹ್ನಕ್ಕಿಂತ ಜಗಲಿಯ ನೆರಳೋ ಕಿಟಕಿಯ ಬದಿಯೋ ಲೇಸು.

ಈ ಮೂರು ಫಿಲ್ಮುಗಳನ್ನೂ ಇ-೬ ಎಂಬ ಒಂದೇ ವಿಧಾನದಿಂದ ತೊಳೆಯುತ್ತಾರೆ. ಬಣ್ಣ ಹುಟ್ಟಿಸುವ ದ್ರವ್ಯವು ಇವುಗಳಲ್ಲಿ ಮೊದಲೇ ಇರುವುದರಿಂದ, ೩೮ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯನ್ನು ಕಾಯ್ದುಕೊಳ್ಳಬಲ್ಲವರು ಮನೆಯಲ್ಲಿಯೂ ತೊಳೆಯಬಹುದು. ನಮ್ಮ ದೇಶದಲ್ಲಿ ಇದನ್ನು ಮಾಡಿಕೊಡುವವರು ವಿರಳ. ಫಿಲ್ಮನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ. ಬಳಸದ ಸುರುಳಿಯನ್ನು ಶೀತಕಪೆಟ್ಟಿಗೆಯಲ್ಲಿಟ್ಟು, ತೆಗೆದ ಮೇಲೆ ತಣುಪು ಆರುವವರೆಗೆ ಡಬ್ಬಿಯ ಮುಚ್ಚಳ ತೆರೆಯಕೂಡದು. ತೊಳೆದ ಸ್ಲೈಡುಗಳಿಗೆ ನಮ್ಮ ಮಳೆಗಾಲದ ಬೂಷ್ಟೇ ಶತ್ರು. ತೇವ ಹೀರುವ ಸಿಲಿಕಾ ಜೆಲ್ಲಿನೊಡನೆ ಬಿಗಿಯಾದ ಪೆಟ್ಟಿಗೆಯಲ್ಲಿ, ಕತ್ತಲೆಯಲ್ಲಿಡಿ. ಪ್ರೊಜೆಕ್ಟರಿನ ಉರಿಬೆಳಕಿನ ಮುಂದೆ ಒಂದೊಂದನ್ನೂ ಬಹಳ ಹೊತ್ತು ನಿಲ್ಲಿಸಬೇಡಿ.

ಕಡೆಯದಾಗಿ ಒಂದು ಮಾತು. ತಿಂಗಳಿಗೊಂದು ಫಿಲ್ಮನ್ನು ಬದಲಾಯಿಸುವವರಿಗೆ ಯಾವುದರ ಗುಣವೂ ತಿಳಿಯುವುದಿಲ್ಲ. ಒಂದನ್ನು ಆರಿಸಿ, ನಾಲ್ಕಾರು ಸುರುಳಿಗಳವರೆಗೆ ಅದರೊಡನೆ ಬಾಳಿ ನೋಡಿ. ಗೋಡೆಯ ಮೇಲೆ ಮೂಡಿದ ಚಿತ್ರದಲ್ಲಿ ನಿಮ್ಮ ಮನೆಯವರು ತಮ್ಮನ್ನು ತಾವೇ ಗುರುತಿಸಿಕೊಂಡರೆ, ನಿಮ್ಮ ಮೆಚ್ಚಿನ ಫಿಲ್ಮು ಅದೇ.