ಸ್ವಿಚ್ ಇಲ್ಲದ ಬೆಂಕಿ

ಕಳೆದ ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಹಾಸ್ಟೆಲ್ ಟೆರೇಸ್ ಮೇಲೆ ಇದ್ದಿಲಲ್ಲಿ ಜೋಳ ಸುಟ್ಕೊಂಡು ತಿಂದ್ವಿ. ಮುಗಿದ ಮೇಲೆ ಬೂದಿ ಮುಚ್ಚಿದ ಇದ್ದಿಲನ್ನು ತಗಡಿನ ಬಕೆಟ್‌ಗೆ ಸುರಿದು, ಚಳಿಗೆ ಒಳ್ಳೇದೇ ಆಯ್ತು ಅಂತ ರೂಮಿನ ಮೂಲೆಯಲ್ಲಿಟ್ಟು, ಕಿಟಕಿ ಹಾಕಿ ಮಲಗಿದ್ವಿ. ರಾತ್ರಿ ಎರಡು ಗಂಟೆಗೆ ಒಬ್ಬನಿಗೆ ವಾಂತಿ, ಇನ್ನಿಬ್ಬರಿಗೆ ತಲೆ ಸಿಡಿಯೋ ನೋವು. ಪಕ್ಕದ ರೂಮಿನ ಸೀನಿಯರ್ ಒಬ್ಬರು ಬಂದು ಬಾಗಿಲು ಕಿಟಕಿ ಎಲ್ಲಾ ತೆಗೆದು, ನಮ್ಮನ್ನ ಎಳ್ಕೊಂಡು ಹೋಗಿ ಹೊರಗೆ ಕೂರಿಸಿದ್ರು. ಕಾರ್ಬನ್ ಮಾನಾಕ್ಸೈಡ್ ಬಗ್ಗೆ ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದವರು ನಾವು ನಾಲ್ಕೂ ಜನ!

ಆಮೇಲೆ ಇದರ ಬಗ್ಗೆ ಓದ್ತಾ ಹೋದಾಗ ಒಂದು ವಿಷಯ ಗೊತ್ತಾಯ್ತು. ಅಮೆರಿಕದ ಪೆನ್ಸಿಲ್ವೇನಿಯಾದ ಈಶಾನ್ಯ ಭಾಗದಲ್ಲಿ ಮನೆಯ ನೆಲಮಾಳಿಗೆಯಲ್ಲಿ ಕಲ್ಲಿದ್ದಲು ಹೊತ್ತಿಸಿ, ಚಳಿಗಾಲ ಪೂರ್ತಿ ಆರದ ಹಾಗೆ ಇಟ್ಕೊಂಡು, ಅದರ ಮೇಲಿನ ಮಹಡಿಯಲ್ಲೇ ಮಲಗೋ ಜನ ಇವತ್ತಿಗೂ ಇದ್ದಾರೆ. ನಮಗೆ ಒಂದು ಬಕೆಟ್ ತಡೆಯೋಕಾಗಲಿಲ್ಲ, ಅವರು ಹೇಗೆ ನಿದ್ದೆ ಮಾಡ್ತಾರೆ?

ಬಾಯ್ಲರ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ರಾಯಚೂರಿನ ಥರ್ಮಲ್ ಸ್ಟೇಷನ್. ಇದು ಅದಲ್ಲ, ಅಜ್ಜಿ ಮನೆ ಬಚ್ಚಲಿನ ಹಂಡೆ ಒಲೆಗೇ ಹತ್ತಿರ. ನೀರು ಸುಮಾರು 80 ಡಿಗ್ರಿಗೆ ಕಾಯುತ್ತೆ, ಪಂಪ್ ಅದನ್ನ ಕೋಣೆ ಕೋಣೆಯ ರೇಡಿಯೇಟರ್‌ಗಳಿಗೆ ತಳ್ಳುತ್ತೆ, ತಣ್ಣಗಾದ ನೀರು ವಾಪಸ್ ಬರುತ್ತೆ. ಮನೆಯವರೇ ದಿನಕ್ಕೆ ಎರಡು ಸಲ ಸಲಿಕೆಯಲ್ಲಿ ಕಲ್ಲಿದ್ದಲು ಹಾಕ್ತಾರೆ. ಒಂದು ಸಲಕ್ಕೆ 20 ಕೆಜಿ ಅಂತಿಟ್ಕೊಳ್ಳಿ. ಕೆಜಿಗೆ ಸುಮಾರು 30 ಮೆಗಾಜೌಲ್, ದಕ್ಷತೆ 70% ಅಂದ್ರೆ 12 ಗಂಟೆಗೆ 420 ಮೆಗಾಜೌಲ್. ಹತ್ತಿರ ಹತ್ತಿರ 10 ಕಿಲೋವ್ಯಾಟ್ ಆಯ್ತು, 2 ಕಿಲೋವ್ಯಾಟ್‌ನ ಐದು ಗೀಸರ್ ಒಂದೇ ಸಮ ಓಡಿದ ಹಾಗೆ.

ಆ ಊರುಗಳ ಕಲ್ಲಿದ್ದಲು ಆಂಥ್ರಸೈಟ್. ಅದರಲ್ಲಿ 86%ಕ್ಕಿಂತ ಹೆಚ್ಚು ಕಾರ್ಬನ್ ಇರುತ್ತೆ, ಹೊಗೆ ಕಾಣೋದೇ ಇಲ್ಲ ಅನ್ನಬಹುದು. ಆದ್ರೆ ಹೊತ್ತಿಸೋದು ಕಷ್ಟ. ಮೊದಮೊದಲು ಜನ ಇದನ್ನ ಉರಿಯದ ಕಲ್ಲು ಅಂತಲೇ ಅಂದ್ಕೊಂಡಿದ್ರು. 1808ರ ಫೆಬ್ರವರಿಯಲ್ಲಿ ವಿಲ್ಕ್ಸ್-ಬ್ಯಾರೆ ಊರಿನ ಜೆಸ್ಸಿ ಫೆಲ್ ಎಂಬವರು ಕಬ್ಬಿಣದ ಸರಳುಗಳ ಜಾಲರಿಯ ಮೇಲೆ ಅದನ್ನ ಉರಿಸಿ ತೋರಿಸಿದ್ರು. ಜಾಲರಿ ಮಾಡಿದ್ದು ಇಷ್ಟೇ: ಗಾಳಿ ಕೆಳಗಿಂದ ಬರೋ ಹಾಗೆ ಮಾಡ್ತು. ಸೌದೆ ಮೇಲಿನ ಗಾಳಿಯಲ್ಲೂ ಉರಿಯುತ್ತೆ. ಆಂಥ್ರಸೈಟ್‌ಗೆ ಗಾಳಿ ತಳದಿಂದ, ಕೆಂಡದ ಮಧ್ಯೆಯೇ ಹಾದು ಹೋಗಬೇಕು.

ಇಲ್ಲೇ ನಮ್ಮ ಬಕೆಟ್‌ನ ಕಥೆಯೂ ಇರೋದು. ಜಾಲರಿಯ ಹತ್ತಿರ ಆಮ್ಲಜನಕ ಧಾರಾಳ ಇರೋದ್ರಿಂದ ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಅದು ಮೇಲಕ್ಕೆ ಹೋಗ್ತಾ ಇನ್ನಷ್ಟು ಕೆಂಡದ ಮಧ್ಯೆ ಹಾಯುವಾಗ ಮತ್ತೊಂದು ಕಾರ್ಬನ್ ಪರಮಾಣುವನ್ನ ಎತ್ಕೊಂಡು ಎರಡು ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಗೆ ಬರುತ್ತೆ. ಬ್ಲಾಸ್ಟ್ ಫರ್ನೇಸ್ ಪಾಠದಲ್ಲಿ ಬರೋ ರಿಯಾಕ್ಷನ್ನೇ ಇದು. ಅಂದ್ರೆ ಚೆನ್ನಾಗಿ ಉರಿಯೋ ಬಾಯ್ಲರ್ ಕೂಡ ವಿಷ ತಯಾರಿಸ್ತಾನೇ ಇರುತ್ತೆ. ಕೆಂಡದ ಮೇಲೆ ಸ್ವಲ್ಪ ಗಾಳಿ ಸಿಕ್ಕಿದ್ರೆ ಅದು ನೀಲಿ ಜ್ವಾಲೆಯಾಗಿ ಉರಿದುಹೋಗುತ್ತೆ.

ಹಾಗಾಗಿ ಕಲ್ಲಿದ್ದಲು ಹಾಕೋಕೂ ಒಂದು ಕ್ರಮ ಇದೆ. ಮೊದಲು ಹಿಡಿಕೆ ಹಿಡಿದು ಜಾಲರಿಯನ್ನ ಅಲ್ಲಾಡಿಸಿ, ಕೆಳಗೆ ಕೆಂಪು ಕಿಡಿ ಬೀಳೋಕೆ ಶುರುವಾಗೋ ತನಕ ಬೂದಿ ಉದುರಿಸಬೇಕು. ಮೇಲಿನಿಂದ ಕೆದಕೋ ಹಾಗಿಲ್ಲ, ಬೂದಿ ಕಲಸಿಹೋಗಿ ಗಾಳಿಯ ದಾರಿ ಕಟ್ಟುತ್ತೆ. (ಹಂಡೆ ಒಲೆ ಮುಂದೆ ಕೂತು ಕೆದಕಿಯೇ ಬೆಳೆದ ನಮಗೆ ಇದು ಕಷ್ಟವಾಗ್ತಿತ್ತು.) ಆಮೇಲೆ ಹೊಸ ಕಲ್ಲಿದ್ದಲನ್ನ ಹಿಂದಕ್ಕೆ ಏರಿಸಿ ಹಾಕಿ, ಮುಂದೆ ಒಂದಿಷ್ಟು ಕೆಂಡ ಕಾಣೋ ಹಾಗೆ ಬಿಡಬೇಕು. ಪೂರ್ತಿ ಮುಚ್ಚಿದ್ರೆ ಗ್ಯಾಸ್ ಹೊತ್ತಿಕೊಳ್ಳದೆ ಒಳಗೆ ತುಂಬ್ಕೊಂಡು, ಯಾವಾಗಲೋ ಒಂದು ಕಿಡಿ ತಾಗಿ ಢಮ್ ಅನ್ನುತ್ತೆ. ಹೊಗೆ ಪೈಪೇ ಕಳಚಿಕೊಳ್ಳಬಹುದು.

ಆದ್ರೂ ರಾತ್ರಿಯಿಡೀ ಅವರನ್ನ ಕಾಯೋದು ಚಿಮಣಿ. ಒಳಗಿನ ಬಿಸಿ ಗಾಳಿ ಹಗುರ, ಅದು ಮೇಲೇರ್ತಾ ಬಾಯ್ಲರ್ ಒಳಗಿನ ಒತ್ತಡವನ್ನ ಕೋಣೆಯ ಒತ್ತಡಕ್ಕಿಂತ ಒಂಚೂರು ಕಡಿಮೆ ಮಾಡುತ್ತೆ. ಬಿರುಕು ಇದ್ರೂ ಕೋಣೆಯ ಗಾಳಿ ಒಳಗೆ ಹೋಗುತ್ತೆ, ಒಳಗಿನ ಗ್ಯಾಸ್ ಹೊರಗೆ ಬರಲ್ಲ. ನಮ್ಮ ಬಕೆಟ್‌ಗೆ ಇಲ್ಲದಿದ್ದದ್ದು ಇದೇ. ಹೊರಗೆ ಸೆಖೆ ಆದ ದಿನ ಈ ಎಳೆತ ಸೋಲುತ್ತೆ, ಚಿಮಣಿ ಕಟ್ಟಿಕೊಂಡ್ರೂ ಸೋಲುತ್ತೆ. ವಾಸನೆಯಿಂದ ಗೊತ್ತಾಗೋ ಗ್ಯಾಸ್ ಅಲ್ಲದ್ದರಿಂದ ಮಲಗೋ ಕೋಣೆಗಳ ಹತ್ತಿರ ಅಲಾರಂ ಹಾಕಿರಬೇಕು.

ಇನ್ನೊಂದು ತಲೆನೋವು, ಈ ಬೆಂಕಿಗೆ ಆಫ್ ಬಟನ್ ಇಲ್ಲ. ಗಾಳಿ ಕಡಿಮೆ ಮಾಡಬಹುದು, ಅಷ್ಟೇ. ಬೂದಿ ತೆಗೆಯೋ ಕೆಳಬಾಗಿಲನ್ನ ಮರೆತು ತೆರೆದಿಟ್ಟು ಹೋದ್ರೆ ಗಾಳಿ ನುಗ್ಗಿ ನೀರು ಕುದಿಯೋಕೆ ಹತ್ತುತ್ತೆ. ಕರೆಂಟ್ ಹೋದ್ರೂ ಅದೇ ಗತಿ: ಪಂಪ್ ನಿಂತಿದೆ, ಕೆಂಡ ನಿಂತಿಲ್ಲ. ಸುಮಾರು 2 ಬಾರ್ ಒತ್ತಡಕ್ಕೆ ತೆರೆಯೋ ಸೇಫ್ಟಿ ವಾಲ್ವ್ ಇರುತ್ತೆ, ಆದ್ರೆ ಅದು ಕೊನೆಯ ಆಸರೆ. ಅದಕ್ಕಿಂತ ಮುಂಚೆ ಕೆಲಸ ಮಾಡೋ ಒಂದು ಉಪಾಯ ನಮಗೆ ತುಂಬಾ ಇಷ್ಟ ಆಯ್ತು. ಬಾಯ್ಲರ್‌ಗಿಂತ ಎತ್ತರದಲ್ಲಿ ಒಂದು ರೇಡಿಯೇಟರ್, ಅದರ ದಾರಿಯಲ್ಲಿ ಕರೆಂಟ್ ಇರೋವರೆಗೆ ಮಾತ್ರ ಮುಚ್ಚಿರೋ ವಾಲ್ವ್. ಕರೆಂಟ್ ಹೋದ ಕ್ಷಣ ಅದು ತಾನೇ ತೆರೆಯುತ್ತೆ, ಬಿಸಿನೀರು ಹಗುರವಾಗಿ ಮೇಲೇರುತ್ತೆ, ತಣ್ಣೀರು ಇಳಿಯುತ್ತೆ, ಪಂಪ್ ಬೇಕಾಗಿಲ್ಲ. ಬೆಂಗಳೂರಿನ ಎಷ್ಟೋ ಟೆರೇಸ್‌ಗಳ ಸೋಲಾರ್ ಹೀಟರ್ ಓಡೋದು ಇದೇ ಥರ್ಮೋಸೈಫನ್ನಲ್ಲಿ.

ಬೂದಿಯನ್ನ ಅವರು ಹಾಕೋದು ಮುಚ್ಚಳ ಇರೋ ಲೋಹದ ಡಬ್ಬಕ್ಕೆ. ತಣ್ಣಗಾಗೋವರೆಗೆ ಆ ಡಬ್ಬ ಮನೆಯ ಹೊರಗೇ ಇರಬೇಕು, ಯಾಕಂದ್ರೆ ಬೂದಿಯೊಳಗೆ ಕೆಂಡ ತುಂಬಾ ಹೊತ್ತು ಸಾಯಲ್ಲ, ಅಷ್ಟು ಹೊತ್ತೂ ಮಾನಾಕ್ಸೈಡ್ ಬಿಡ್ತಾ ಇರುತ್ತೆ. ನಮ್ಮ ಬಕೆಟ್‌ನ ಬೆಳಿಗ್ಗೆ ಏಳಕ್ಕೆ ಮುಟ್ಟಿ ನೋಡಿದಾಗ ಇನ್ನೂ ಬಿಸಿ ಇತ್ತು.