ಪಟ್ಟಿಯಲ್ಲಿ ಸತ್ತವರು ಮೂಡುಬಿದಿರೆಯಲ್ಲಿ ಬದುಕಿದ್ದರು

ಚುನಾವಣೆ ಹತ್ತಿರ ಬಂತೆಂದರೆ ಕುಟುಂಬದ ಗ್ರೂಪು, ಯುವಕ ಮಂಡಲದ ಗ್ರೂಪು, ಭಜನಾ ಮಂಡಳಿಯ ಗ್ರೂಪು ಎಲ್ಲವೂ ಒಂದೇ ಧಾಟಿಯಲ್ಲಿ ಮಾತಾಡತೊಡಗುತ್ತವೆ. ಮದುವೆ ಕರೆಯೋಲೆ, ನೇಮದ ಆಮಂತ್ರಣಗಳ ನಡುವೆ ಯಾರದೋ ಸಾವು, ಯಾರದೋ ಸಂಚು ನುಸುಳುತ್ತದೆ. ಇಂಥ ಗಾಳಿಸುದ್ದಿಗಳು ನಮಗೆ ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂಬುದರಲ್ಲೂ ನಾವು ಎಷ್ಟೋ ತಪ್ಪು ತಿಳಿದುಕೊಂಡಿದ್ದೇವೆ.

ತಪ್ಪು ಕಲ್ಪನೆ: ಸುಳ್ಳು ಹುಟ್ಟುವುದು ಕೆಲಸವಿಲ್ಲದ ಹುಡುಗರ ಮೊಬೈಲಿನಲ್ಲಿ. ಲೆಟರ್‌ಹೆಡ್ಡು, ಸಹಿ ಇದ್ದರೆ ನಂಬಬಹುದು.

ವಾಸ್ತವ: 2017ರ ಜುಲೈಯಲ್ಲಿ ಆಗಿನ ಉಡುಪಿ-ಚಿಕ್ಕಮಗಳೂರು ಸಂಸದೆ ಶೋಭಾ ಕರಂದ್ಲಾಜೆ ಕೇಂದ್ರ ಗೃಹ ಸಚಿವರಿಗೆ ಪತ್ರ ಬರೆದು, ರಾಜ್ಯದಲ್ಲಿ ಕೊಲೆಯಾದ ಹಿಂದೂ ಕಾರ್ಯಕರ್ತರೆಂದು 23 ಹೆಸರು ಕೊಟ್ಟರು. ಮೊದಲ ಹೆಸರೇ ಮೂಡುಬಿದಿರೆಯವರದು. ಪತ್ರಕರ್ತರು ಹುಡುಕಿಕೊಂಡು ಬಂದರೆ ಆ ವ್ಯಕ್ತಿಯೇ ಮಾತಿಗೆ ಸಿಕ್ಕರು! 2015ರ ಸೆಪ್ಟೆಂಬರಿನಲ್ಲಿ ಅವರ ಮೇಲೆ ಹಲ್ಲೆಯಾದದ್ದು ನಿಜ, ಅವರು ಸತ್ತಿರಲಿಲ್ಲ. ಹಾಗೆಂದು ಪಟ್ಟಿಯೆಲ್ಲ ಕಟ್ಟುಕತೆಯಲ್ಲ. ನಿಜವಾಗಿ ಕೊಲೆಯಾದವರೂ ಅದರಲ್ಲಿದ್ದರು, ಆ ಮನೆಗಳ ದುಃಖವೂ ನಿಜ. ತೊಡಕು ಇರುವುದು ಇಲ್ಲೇ. ಅಪ್ಪಟ ಸುಳ್ಳು ಬಂದರೆ ನಾವು ಒಂದು ಕ್ಷಣವಾದರೂ ಅನುಮಾನಿಸುತ್ತೇವೆ. ನಿಜದ ಜತೆ ಬೆರೆತು ಬಂದದ್ದನ್ನು ಬಿಡಿಸಿ ನೋಡುವ ವ್ಯವಧಾನ ಯಾರಿಗಿದೆ? ಪೇಟೆಯಲ್ಲಿ ನಾಲ್ಕು ಜನರನ್ನು ಕೇಳಿದ್ದರೆ ತಿಳಿಯುತ್ತಿದ್ದ ವಿಷಯವದು. ಯಾರೂ ಕೇಳಲಿಲ್ಲ, ಪತ್ರ ದಿಲ್ಲಿ ತಲುಪಿತು.

ತಪ್ಪು ಕಲ್ಪನೆ: ಇಂಥದ್ದನ್ನೆಲ್ಲ ನಂಬುವವರು ಓದುಬರಹ ಬಾರದವರು, ನಮ್ಮದು ವಿದ್ಯಾವಂತರ ಜಿಲ್ಲೆ.

ವಾಸ್ತವ: 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿದೆ, ಮೂಡುಬಿದಿರೆಯಂತೂ ಕಾಲೇಜುಗಳ ಊರು. ಆದರೆ ಅಕ್ಷರ ಬಲ್ಲವರೇ ತಾನೇ ಫಾರ್ವರ್ಡ್ ಮಾಡುವುದು? 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಸುಮಿತ್ರಾ ಬದ್ರಿನಾಥನ್ ಎಂಬ ಸಂಶೋಧಕಿ ಬಿಹಾರದ ಗಯಾದಲ್ಲಿ ಸುಮಾರು 1,200 ಜನರನ್ನು ಆರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಕೆಲವರ ಮನೆಗೇ ಹೋಗಿ, ಸುಳ್ಳು ಸುದ್ದಿ ಗುರುತಿಸುವುದನ್ನು ಸುಮಾರು ಒಂದು ತಾಸು ಕಲಿಸಲಾಯಿತು. ಒಟ್ಟಾರೆ ನೋಡಿದರೆ ಹೆಚ್ಚೇನೂ ಪ್ರಯೋಜನ ಕಾಣಲಿಲ್ಲ. ಆಳುವ ಪಕ್ಷದ ಬೆಂಬಲಿಗರಲ್ಲಿ, ತಮಗೆ ಹಿತವಾದ ಸುಳ್ಳನ್ನು ಗುರುತಿಸುವ ಶಕ್ತಿ ತರಬೇತಿಯ ನಂತರ ಇನ್ನಷ್ಟು ಕುಗ್ಗಿತ್ತು. ನಮ್ಮನ್ನು ದಾರಿ ತಪ್ಪಿಸುವುದು ತಿಳಿವಳಿಕೆಯ ಕೊರತೆಗಿಂತ ಹೆಚ್ಚಾಗಿ ನಮ್ಮ ಒಲವು.

ತಪ್ಪು ಕಲ್ಪನೆ: ಬೇರೆ ಪಕ್ಷದವರು ಹಬ್ಬಿಸುತ್ತಾರೆ, ನಮ್ಮವರು ಹಾಗಲ್ಲ.

ವಾಸ್ತವ: 2018ರ ವಿಧಾನಸಭಾ ಚುನಾವಣೆಗೆ ಮೊದಲು ಬಿಜೆಪಿಗೆ 135 ಸ್ಥಾನ ಎಂಬ ಸಮೀಕ್ಷೆ ಬಿಬಿಸಿ ಹೆಸರಿನಲ್ಲಿ ಹರಿದಾಡಿತು. ಅದು ತನ್ನದಲ್ಲವೆಂದು ಬಿಬಿಸಿ ಹೇಳಿತು. ಫಲಿತಾಂಶದಲ್ಲಿ ಬಂದದ್ದು 104. 2024ರಲ್ಲಿ ಅಮಿತ್ ಶಾ ಮೀಸಲಾತಿ ತೆಗೆಯುತ್ತೇವೆ ಎಂದಂತೆ ತಿರುಚಿದ ವಿಡಿಯೊ ಓಡಿತು. ಆ ಪ್ರಕರಣದಲ್ಲಿ ಸಿಕ್ಕಿಬಿದ್ದವರಲ್ಲಿ ಕಾಂಗ್ರೆಸಿನವರಿದ್ದರು. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಒಂದು ಫಾರ್ವರ್ಡು ಸಾಕು, ವೋಟು ಆಚೆಯಿಂದ ಈಚೆಗೆ ತಿರುಗುತ್ತದೆ.

ವಾಸ್ತವ: ಅಷ್ಟು ಸುಲಭವಲ್ಲ. 2020ರ ಅಮೆರಿಕ ಚುನಾವಣೆಯ ಸಮಯದಲ್ಲಿ ಸಂಶೋಧಕರು ಸಾವಿರಾರು ಜನರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟುಗಳ ಕ್ರಮವನ್ನೇ ಮೂರು ತಿಂಗಳು ಬದಲಿಸಿ ನೋಡಿದರು. ರಾಜಕೀಯ ನಿಲುವು ಗಮನಾರ್ಹವಾಗಿ ಅಲುಗಲಿಲ್ಲ. ಮನೆತನ, ಜಾತಿ, ಅಭ್ಯರ್ಥಿಯ ಪರಿಚಯ ಇವೆಲ್ಲ ಫೋನಿಗಿಂತ ಹಳೆಯವು.

ಹಾಗಾದರೆ ಹಾನಿಯಿಲ್ಲವೇ? ಹೊನ್ನಾವರವನ್ನು ನೆನೆಯೋಣ. 2017ರ ಡಿಸೆಂಬರಿನಲ್ಲಿ ಕೋಮು ಘರ್ಷಣೆಯ ಬೆನ್ನಿಗೇ ಕಾಣೆಯಾದ ಯುವಕನೊಬ್ಬನ ಶವ ಶೆಟ್ಟಿಕೆರೆಯಲ್ಲಿ ಸಿಕ್ಕಿತು. ಬಿಸಿ ಎಣ್ಣೆ ಸುರಿದರು, ಅಂಗ ಕತ್ತರಿಸಿದರು ಎಂಬ ಸುದ್ದಿ ಫೋಟೊ ಸಮೇತ ಹಬ್ಬಿತು. ಶವಪರೀಕ್ಷೆಯ ತಜ್ಞರು ಅದನ್ನು ಅಲ್ಲಗಳೆದರು. ಕೇಳುವವರಿರಲಿಲ್ಲ. ಕುಮಟಾದಲ್ಲಿ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು, ಶಿರಸಿಯಲ್ಲೂ ಗಲಭೆಯಾಯಿತು. 2022ರ ಅಕ್ಟೋಬರಿನಲ್ಲಿ ಸಿಬಿಐ ನ್ಯಾಯಾಲಯಕ್ಕೆ ಕೊಟ್ಟ ವರದಿ, ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಸಾವು ಎಂದಿತು. ಅಷ್ಟರಲ್ಲಿ ಸುಮಾರು ಐದು ವರ್ಷ ಕಳೆದಿತ್ತು, ನಡುವೆ ಎರಡು ಚುನಾವಣೆಗಳು ಆಗಿಹೋಗಿದ್ದವು. ಗಾಳಿಸುದ್ದಿ ಪಕ್ಷ ಬದಲಿಸುವುದು ಅಪರೂಪ. ಇದ್ದ ಒಲವನ್ನು ಹಗೆಯಾಗಿಸಿ, ಮನೆಯಲ್ಲಿದ್ದವರನ್ನು ಬೀದಿಗಿಳಿಸುತ್ತದೆ.

ತಪ್ಪು ಕಲ್ಪನೆ: ಸ್ಪಷ್ಟನೆ ಬಂದರೆ ಎಲ್ಲ ಸರಿಹೋಗುತ್ತದೆ.

ವಾಸ್ತವ: 2018ರ ಮಾರ್ಚಿನಲ್ಲಿ ಜೈನ ಮುನಿಯೊಬ್ಬರ ಮೇಲೆ ಮುಸ್ಲಿಂ ಯುವಕನಿಂದ ಹಲ್ಲೆ ಎಂಬ ಸುದ್ದಿ ಹರಡಿತು. ಜೈನ ಕಾಶಿ ಎನಿಸಿಕೊಂಡ ನಮ್ಮ ಮೂಡುಬಿದಿರೆಗೆ ಇದು ತಟ್ಟದೆ ಇರುತ್ತದೆಯೇ? ನಡೆದದ್ದು ಇಷ್ಟು: ಕನಕಪುರದ ಬಳಿ ಬೈಕ್ ತಾಗಿ ಮುನಿಗಳಿಗೆ ಸಣ್ಣ ಗಾಯವಾಗಿತ್ತು. ಸುದ್ದಿ ಹಬ್ಬಿಸಿದ ಜಾಲತಾಣದ ಸ್ಥಾಪಕನನ್ನು ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧಿಸಿದರು. ಆದರೆ ಸ್ಪಷ್ಟನೆಯ ಕಾಲು ಯಾವಾಗಲೂ ನಿಧಾನ. ಅದೇ ವರ್ಷ ಪ್ರಕಟವಾದ ಟ್ವಿಟರ್ ಅಧ್ಯಯನದಲ್ಲಿ, 1,500 ಜನರನ್ನು ಮುಟ್ಟಲು ಸತ್ಯ ಸುದ್ದಿಗೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಗಿತ್ತು. ಹಬ್ಬಿಸಿದ್ದು ಯಂತ್ರಗಳಿಗಿಂತ ಹೆಚ್ಚಾಗಿ ಮನುಷ್ಯರೇ.

ತಪ್ಪು ಕಲ್ಪನೆ: ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ಚಾಲೆಂಜ್ ವೋಟ್ ಹಾಕಬಹುದು, ಟೆಂಡರ್ ವೋಟ್ ಶೇ. 14 ದಾಟಿದರೆ ಮರುಮತದಾನ.

ವಾಸ್ತವ: ಎರಡೂ ನಿಜವಲ್ಲ. ಮತ ಹಾಕಲು ಬಂದವರು ಅದೇ ವ್ಯಕ್ತಿ ಹೌದೋ ಅಲ್ಲವೋ ಎಂದು ಅಭ್ಯರ್ಥಿಯ ಏಜೆಂಟ್ 2 ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸುವುದು ಚಾಲೆಂಜ್. ನಿಮ್ಮ ಹೆಸರಿನಲ್ಲಿ ಬೇರೆಯವರು ಮೊದಲೇ ಮತ ಹಾಕಿದ್ದರೆ ನೀವು ಕಾಗದದ ಮತಪತ್ರದಲ್ಲಿ ಹಾಕುವುದು ಟೆಂಡರ್ ವೋಟ್. ಶೇ. 14ರ ನಿಯಮವೇ ಇಲ್ಲ. ಈ ಸಂದೇಶ ನಂಬಿ ಮತಗಟ್ಟೆಗೆ ಹೋದವರು ಮತ ಹಾಕದೆ ವಾಪಸಾಗಬೇಕಷ್ಟೆ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಈಗಲೇ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಬಳಿ ಕೇಳಿ, ಇಲ್ಲವೇ 1950ಕ್ಕೆ ಫೋನ್ ಮಾಡಿ.