ಕುಡಿತ ಬಿಡಬೇಕು ಅಂತಿದ್ದೀರಾ? ಹತ್ತಿರದ ಎಎ ಮೀಟಿಂಗ್ ಹುಡುಕಿ

'ನಾಳೆಯಿಂದ ಮುಟ್ಟಲ್ಲ' ಅಂತ ಆಣೆ ಮಾಡಿ, ಸಂಜೆಯಾಗ್ತಿದ್ದ ಹಾಗೆ ಸೋತವರು ನೀವೊಬ್ಬರೇ ಅಲ್ಲ. 1935ರಲ್ಲಿ ಅಮೆರಿಕದ ಅಕ್ರಾನ್ ಊರಿನಲ್ಲಿ ಕುಡಿತಕ್ಕೆ ಸಿಕ್ಕಿಬಿದ್ದಿದ್ದ ಇಬ್ಬರು ಒಬ್ಬರ ಕಷ್ಟ ಇನ್ನೊಬ್ಬರಿಗೆ ಹೇಳಿಕೊಂಡರು. ಅವರಲ್ಲಿ ಒಬ್ಬರು ಸರ್ಜನ್! ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹುಟ್ಟಿದ್ದು ಹೀಗೆ.

ಬೆಂಗಳೂರು, ಮಂಗಳೂರಲ್ಲೂ ಎಎ ಗುಂಪುಗಳಿವೆ. ಎಎ ಸಹಾಯವಾಣಿಗೆ ಫೋನ್ ಮಾಡಿ, ಕನ್ನಡದಲ್ಲಿ ನಡೆಯೋ ಮೀಟಿಂಗ್ ಯಾವುದು ಅಂತ ಕೇಳಿ. ಅದು ಓಪನ್ ಮೀಟಿಂಗಾ ಅಂತಲೂ ಕೇಳಿ. ಓಪನ್ ಆದರೆ ಹೆಂಡತಿ, ಅಣ್ಣ, ಯಾರನ್ನಾದರೂ ಜೊತೆಗೆ ಕರ್ಕೊಂಡು ಹೋಗಬಹುದು.

ಅಲ್ಲಿ ಏನು ನಡೆಯುತ್ತೆ? ಶಾಲೆಯದೋ ಚರ್ಚಿನದೋ ಒಂದು ಕೋಣೆ, ಒಂದಷ್ಟು ಕುರ್ಚಿ. ಒಬ್ಬೊಬ್ಬರೇ ತಮ್ಮ ಕಥೆ ಹೇಳ್ತಾರೆ, ಉಳಿದವರು ಕೇಳ್ತಾರೆ. ನಡುವೆ ಬುದ್ಧಿವಾದ ಇಲ್ಲ. ಪೂರ್ತಿ ಹೆಸರು ಹೇಳಬೇಕಿಲ್ಲ, ಬಾಯಿ ಬಿಡಲೇಬೇಕು ಅಂತಲೂ ಇಲ್ಲ. ಫೀಸಿಲ್ಲ. ಕುಡಿತ ಬಿಡೋ ಆಸೆ ಇದ್ದರೆ ಸಾಕು. ಮೊದಲ ಗುಂಪು ಹಿಡಿಸಲಿಲ್ಲವಾ? ಇನ್ನೊಂದಕ್ಕೆ ಹೋಗಿ. ವಿದೇಶದಲ್ಲಿದ್ದರೆ ಆನ್‌ಲೈನ್ ಮೀಟಿಂಗೂ ಇದೆ.

ಒಂದು ಎಚ್ಚರಿಕೆ, ದಯವಿಟ್ಟು ಕೇಳಿಸಿಕೊಳ್ಳಿ: ದಿನಾ ಜಾಸ್ತಿ ಕುಡಿಯೋರು ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಮೊದಲು ಡಾಕ್ಟರನ್ನ ನೋಡಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನದ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ.

ಮನೆಯವರಿಗೆ ಅಲ್-ಅನಾನ್ ಅನ್ನೋ ಬೇರೆ ಗುಂಪಿದೆ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಕರೆ ಉಚಿತ. ಇವತ್ತೇ ಫೋನ್ ಮಾಡಿ.